ಇಸಿಜಿ ನಾರ್ಮಲ್ ಬಂದರೂ ಎದೆ ಹೊಡ್ಕೊಳ್ಳೋದು ಯಾಕೆ?

ಎದೆ ಬಡಿತ ತಾಳ ತಪ್ಪುವುದರ ಬಗ್ಗೆ ಈ ಸಲ ಪತ್ರಗಳು ಜಾಸ್ತಿ ಬಂದಿವೆ. ಬಹಳಷ್ಟು ಜನ ಕೇಳಿರುವುದು ಔಷಧಿ ಬಗ್ಗೆ ಅಲ್ಲ, ಯಂತ್ರಗಳ ಬಗ್ಗೆ. ಯಾವ ಟೆಸ್ಟ್ ಮಾಡಿಸಬೇಕು, ಯಾವುದನ್ನು ನಂಬಬೇಕು, ವಾಚ್ ತಗೊಳ್ಳಬಹುದಾ ಅಂತ. ಹಾಗಾಗಿ ಇಡೀ ಅಂಕಣವನ್ನು ಅದಕ್ಕೇ ಇಟ್ಟಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ನನಗೆ 41 ವರ್ಷ. ವರ್ಷಕ್ಕೆ ಮೂರ್ನಾಲ್ಕು ಸಲ, ಸುಮ್ನೆ ಕೂತಿದ್ದಾಗಲೂ, ಇದ್ದಕ್ಕಿದ್ದಂತೆ ಎದೆ ಜೋರಾಗಿ ಹೊಡ್ಕೊಳ್ಳಲು ಶುರುವಾಗುತ್ತದೆ. ಇಪ್ಪತ್ತು ನಿಮಿಷ ಇದ್ದು, ಸ್ವಿಚ್ ಆರಿಸಿದ ಹಾಗೆ ನಿಂತುಹೋಗುತ್ತದೆ. ಇಸಿಜಿ, ಎಕೋ, ಥೈರಾಯ್ಡ್ ಎಲ್ಲ ನಾರ್ಮಲ್. ಡಾಕ್ಟರು ಗ್ಯಾಸ್ಟ್ರಿಕ್ ಮಾತ್ರೆ ಬರೆದುಕೊಟ್ಟರು. ಮನೆಯವರು ಟೆನ್ಷನ್ ಅನ್ನುತ್ತಾರೆ. ಇದು ನನ್ನ ಭ್ರಮೆಯಾ? (ಹಾಸನ)

ಉತ್ತರ: ಭ್ರಮೆ ಅಲ್ಲಮ್ಮ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದೇ ಆ ‘ಸ್ವಿಚ್ ಆರಿಸಿದ ಹಾಗೆ’ ಅನ್ನುವ ಮಾತು. ಭಯದಿಂದ, ಚಿಂತೆಯಿಂದ ಎದೆ ಹೊಡ್ಕೊಂಡರೆ ಅದು ನಿಧಾನಕ್ಕೆ ಏರುತ್ತದೆ, ನಿಧಾನಕ್ಕೆ ಇಳಿಯುತ್ತದೆ. ಒಂದೇ ಏಟಿಗೆ ಶುರುವಾಗಿ ಒಂದೇ ಏಟಿಗೆ ನಿಂತರೆ ಹೃದಯದ ಕರೆಂಟ್ ಲೈನಿನಲ್ಲೇ ಏನೋ ಇದೆ ಅಂತ ಯೋಚಿಸಬೇಕು. ಎಸ್‌ವಿಟಿ ಅಂತ ಒಂದು ತೊಂದರೆ ಇದೆ. ಹೃದಯದೊಳಗೆ ಇರಬೇಕಾದ ಒಂದು ದಾರಿಯ ಜೊತೆಗೆ ಇನ್ನೊಂದು ಕಳ್ಳದಾರಿ ಇದ್ದು, ಕರೆಂಟು ಅದರಲ್ಲಿ ಗಿರಗಿರ ಸುತ್ತಲು ಶುರುಮಾಡುತ್ತದೆ. ಆಗ ನಿಮಿಷಕ್ಕೆ 150ರಿಂದ 250ರವರೆಗೂ ಬಡಿತ ಹೋಗಬಹುದು. ಕತ್ತಿನಲ್ಲಿ ಬಡಿದ ಹಾಗೆ ಅನ್ನಿಸುತ್ತದಾ? ಹೊಡ್ಕೊಳ್ಳುವುದು ನಿಂತ ಮೇಲೆ ಮೂತ್ರ ಜಾಸ್ತಿ ಹೋಗುತ್ತದಾ? ಹೌದು ಅಂತಾದರೆ ಅನುಮಾನ ಇನ್ನೂ ಗಟ್ಟಿ.

ಹಾಗಾದರೆ ಇಸಿಜಿ ನಾರ್ಮಲ್ ಯಾಕೆ ಬಂತು? ಮನೆಯಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತಿರುತ್ತದೆ, ಲೈನ್‌ಮನ್ ಬಂದು ಟೆಸ್ಟರ್ ಇಟ್ಟರೆ ಎಲ್ಲ ಸರಿಯಾಗೇ ಇರುತ್ತದೆ, ಅವರು ಗೇಟು ದಾಟಿದ ಮೇಲೆ ಮತ್ತೆ ಶುರು. ಅಷ್ಟೇ ಇದು. ಸಾಮಾನ್ಯ ಇಸಿಜಿ ನೋಡುವುದು ಬರೀ 10 ಸೆಕೆಂಡ್. ದಿನಕ್ಕೆ 86,400 ಸೆಕೆಂಡ್ ಇವೆ. ನೀವು ಆರಾಮಾಗಿ ಮಲಗಿದ್ದ ಆ ಹತ್ತು ಸೆಕೆಂಡ್‌ನಲ್ಲಿ ಬಡಿತ ಸರಿ ಇತ್ತು ಅಂತಷ್ಟೇ ಆ ಕಾಗದ ಹೇಳುತ್ತದೆ. ಎಕೋ ಅಂತೂ ಹೃದಯದ ಗೋಡೆ, ಕವಾಟ, ಪಂಪಿಂಗ್ ನೋಡುವ ಟೆಸ್ಟು. ವೈರಿಂಗ್ ಅದಕ್ಕೆ ಕಾಣುವುದೇ ಇಲ್ಲ. ‘ಎಲ್ಲ ನಾರ್ಮಲ್, ನಿಮಗೇನೂ ಇಲ್ಲ’ ಅಂತ ಕಳಿಸಿಬಿಟ್ಟರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ನಿಮ್ಮ ಹಾಗೆ ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿಕೊಂಡು ಬಂದ ಎಷ್ಟೋ ಹೆಣ್ಣುಮಕ್ಕಳನ್ನು ನೋಡಿದ್ದೇನೆ.

ಈಗ ಏನು ಮಾಡಬೇಕು ಅಂದರೆ, ಮೊದಲು ಆ ಹಳೆ ಇಸಿಜಿಯನ್ನೇ ಹುಡುಕಿ ತೆಗೆಯಿರಿ. ಗುಲಾಬಿ ಬಣ್ಣದ ಚೌಕಳಿ ಕಾಗದ ಅಲ್ವಾ? ಅದರಲ್ಲಿ ಒಂದು ಸಣ್ಣ ಚೌಕ ಅಂದರೆ 0.04 ಸೆಕೆಂಡ್, ಐದು ಸಣ್ಣ ಚೌಕ ಸೇರಿದ ದೊಡ್ಡ ಚೌಕ 0.2 ಸೆಕೆಂಡ್. ಮೊದಲ ಸಣ್ಣ ಉಬ್ಬು ಶುರುವಾದಲ್ಲಿಂದ ದೊಡ್ಡ ಚೂಪು ಶುರುವಾಗುವವರೆಗೆ ಮೂರು ಸಣ್ಣ ಚೌಕಕ್ಕಿಂತ ಕಡಿಮೆ ಇದ್ದು, ಆ ಚೂಪಿನ ಬುಡ ಇಳಿಜಾರಾಗಿ ಎದ್ದಿದ್ದರೆ ಅದು ಡಬ್ಲ್ಯುಪಿಡಬ್ಲ್ಯು ಇರಬಹುದು. ವೋಲ್ಫ್, ಪಾರ್ಕಿನ್ಸನ್, ವೈಟ್ ಅನ್ನುವ ಮೂವರು ವೈದ್ಯರು 1930ರಲ್ಲಿ ಬರೆದ ಕಾಯಿಲೆ, ಹುಟ್ಟಿನಿಂದಲೇ ಇರುವ ಕಳ್ಳದಾರಿ. ಇದನ್ನು ನೀವೇ ಓದಿ ತೀರ್ಮಾನ ಮಾಡಬೇಕಿಲ್ಲ. ಹೃದ್ರೋಗ ತಜ್ಞರಿಗೆ ತೋರಿಸಿ, ‘ಡಬ್ಲ್ಯುಪಿಡಬ್ಲ್ಯು ಇದೆಯಾ ನೋಡಿ ಸಾರ್’ ಅಂತ ಬಾಯಿಬಿಟ್ಟು ಕೇಳಿ. ಅಂದಹಾಗೆ, ಇಸಿಜಿ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ. ಬಸ್ ಟಿಕೆಟ್ ಥರದ ಕಾಗದ ಅದು. ಬಿಸಿ ತಾಗಿದರೆ ಕಪ್ಪಾಗುತ್ತದೆ, ಹಾಗೇ ಇಟ್ಟರೆ ಮಾಸುತ್ತದೆ. ಜೆರಾಕ್ಸ್ ಮಾಡಿಸಿ, ಮೊಬೈಲಲ್ಲಿ ಫೋಟೊ ತೆಗೆದಿಡಿ.

ಎರಡನೆಯದು, 24 ಗಂಟೆಯ ಹೋಲ್ಟರ್, ಅಂದರೆ ಮೈಗೆ ಕಟ್ಟಿಕೊಂಡು ಓಡಾಡುವ, ಬಿಡದೆ ಇಸಿಜಿ ದಾಖಲಿಸುವ ಯಂತ್ರ, ಹಾಕಿಸೋಣ ಅಂತ ಯಾರಾದರೂ ಹೇಳಿದರೆ, ವರ್ಷಕ್ಕೆ ಮೂರ್ನಾಲ್ಕು ಸಲ ಬರುವುದು ಸರಿಯಾಗಿ ಆ ದಿನವೇ ಬರುತ್ತದಾ ಅಂತ ಕೇಳಿ. ಯಾವ ಯಂತ್ರ ಬೇಕು ಅನ್ನುವುದು ತೊಂದರೆ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅನ್ನುವುದರ ಮೇಲೆ ನಿಂತಿದೆ. ದಿನಾ ಬರುತ್ತಿದ್ದರೆ ಹೋಲ್ಟರ್ ಸಾಕು. ವಾರಕ್ಕೊಮ್ಮೆ ಆದರೆ ಎದೆಗೆ ಅಂಟಿಸುವ, ಏಳರಿಂದ ಹದಿನಾಲ್ಕು ದಿನ ಇರುವ ಪ್ಯಾಚ್. ತಿಂಗಳಿಗೊಮ್ಮೆ ಆದರೆ, ತೊಂದರೆ ಬಂದ ಹೊತ್ತಿನ ಬಡಿತವನ್ನು ಹಿಡಿದಿಡುವ ಈವೆಂಟ್ ರೆಕಾರ್ಡರ್. ನಿಮ್ಮದಕ್ಕೆ ನನಗೆ ಸೂಕ್ತ ಅನ್ನಿಸುವುದು, ಎರಡೂ ಕೈಯ ಬೆರಳು ಇಟ್ಟರೆ 30 ಸೆಕೆಂಡ್ ಇಸಿಜಿ ತೆಗೆದು ಫೋನಿಗೆ ಕಳಿಸುವ ಸಣ್ಣ ಪಟ್ಟಿ. ಪರ್ಸಿನಲ್ಲಿ ಇಟ್ಟುಕೊಳ್ಳಬಹುದು. ಅದು ಬೇಡ ಅಂದರೆ, ಮುಂದಿನ ಸಲ ಶುರುವಾದ ತಕ್ಷಣ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹತ್ತಿರದಲ್ಲಿ ಇಸಿಜಿ ಇರುವ ಕಡೆ ಹೋಗಿ. ‘ಈಗಲೇ ಎದೆ ಹೊಡ್ಕೊಳ್ತಿದೆ, ಚೀಟಿ ಆಮೇಲೆ ಮಾಡಿಸ್ತೀನಿ, ಮೊದಲು ಇಸಿಜಿ ತೆಗೀರಿ’ ಅನ್ನಿ. ಸಂಕೋಚ ಬೇಡ. ಆ ಒಂದು ಕಾಗದ ಸಿಕ್ಕಿತು ಅಂದರೆ ಎಷ್ಟೋ ವರ್ಷದ ಪ್ರಶ್ನೆಗೆ ಉತ್ತರ ಸಿಗುತ್ತದೆ. ಎಸ್‌ವಿಟಿ ಅಂತ ಖಚಿತವಾದರೆ ಇಪಿ ಸ್ಟಡಿ ಮಾಡುತ್ತಾರೆ. ತೊಡೆಸಂದಿಯ ರಕ್ತನಾಳದಿಂದ ತೆಳ್ಳಗಿನ ವೈರುಗಳನ್ನು ಹೃದಯದವರೆಗೆ ತಂದು, ಒಳಗಿನ ಕರೆಂಟನ್ನು ಹತ್ತಿರದಿಂದಲೇ ಅಳೆದು, ಕಳ್ಳದಾರಿ ಎಲ್ಲಿದೆ ಅಂತ ಹುಡುಕುತ್ತಾರೆ. ಸಿಕ್ಕಿದರೆ ಸಾಮಾನ್ಯವಾಗಿ ಅದೇ ಸಲಕ್ಕೆ ಅದನ್ನು ಸುಟ್ಟು ಮುಚ್ಚುತ್ತಾರೆ. ಹೆಚ್ಚಿನವರಿಗೆ ಆಮೇಲೆ ಮಾತ್ರೆಯ ಗೊಡವೆಯೇ ಇರುವುದಿಲ್ಲ.

ಎದೆ ಹೊಡ್ಕೊಳ್ಳುವಾಗ ಕಣ್ಣು ಕತ್ತಲೆ ಬಂದರೆ, ಎದೆನೋವು ಅಥವಾ ಉಸಿರು ಕಟ್ಟಿದ ಹಾಗೆ ಆದರೆ ಮಾತ್ರ ಇದ್ಯಾವುದಕ್ಕೂ ಕಾಯದೆ ನೇರ ಎಮರ್ಜೆನ್ಸಿಗೆ ಹೋಗಿ.

ಪ್ರಶ್ನೆ: ಅಪ್ಪನಿಗೆ 68. ಮನೆಯ ಬಿಪಿ ಮಷೀನಿನಲ್ಲಿ ನಂಬರಿನ ಪಕ್ಕ ಹೃದಯದ ಚಿತ್ರವೊಂದು ಮಿನುಗುತ್ತದೆ, ದಿನಾ ಅಲ್ಲ, ಆಗಾಗ. ಮಷೀನ್ ಕೆಟ್ಟಿದೆಯಾ? (ದಾವಣಗೆರೆ)

ಉತ್ತರ: ಮಷೀನ್ ಬದಲಾಯಿಸುವ ಮುಂಚೆ ಅಪ್ಪನ ನಾಡಿ ಹಿಡಿದು ನೋಡಿ.

ತೋಳಿನ ಪಟ್ಟಿ ಬಿಗಿಯಾಗಿ ಸಡಿಲವಾಗುವಾಗ ಮಷೀನು ಒಂದೊಂದು ಮಿಡಿತವನ್ನೂ ಗುರುತಿಸುತ್ತದೆ. ಮಿಡಿತಗಳ ನಡುವಿನ ಅಂತರ ಏರುಪೇರಾದರೆ ಆ ಚಿಹ್ನೆ ತೋರಿಸುತ್ತದೆ. ಮಾತಾಡಿದರೂ, ಕೈ ಅಲ್ಲಾಡಿಸಿದರೂ, ನಡುವೆ ಒಂದೆರಡು ಬಿಡಿ ಬಡಿತ ಬಂದರೂ ತೋರಿಸಬಹುದು. ಹಾಗಾಗಿ ಗಾಬರಿ ಬೇಡ. ಐದು ನಿಮಿಷ ಸುಮ್ನೆ ಕೂರಿಸಿ ಮೂರು ಸಲ ನೋಡಿ. ಮತ್ತೆ ಮತ್ತೆ ಬಂದರೆ ಅದು ಏಟ್ರಿಯಲ್ ಫಿಬ್ರಿಲೇಷನ್ ಆಗಿರಬಹುದು. ಚಿಕ್ಕದಾಗಿ ಎಎಫ್ ಅನ್ನುತ್ತೇವೆ. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಹಿಂಡದೆ ಸುಮ್ನೆ ನಡುಗುತ್ತಿರುತ್ತವೆ. ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವ. ಎಎಫ್ ಇರುವವರಿಗೆ ಲಕ್ವದ ಅಪಾಯ ಸುಮಾರು ಐದು ಪಟ್ಟು. ಆದರೆ ರಕ್ತ ತೆಳುವಾಗಿಸುವ ಸರಿಯಾದ ಮಾತ್ರೆಯಿಂದ ಆ ಅಪಾಯವನ್ನು ಬಹಳಷ್ಟು ತಗ್ಗಿಸಬಹುದು. ಅದಕ್ಕೇ ಇದನ್ನು ಬೇಗ ಹಿಡಿಯಬೇಕು ಅಂತ ನಾನು ಇಷ್ಟು ಒತ್ತಿ ಹೇಳುತ್ತಿರುವುದು. ನಮ್ಮಲ್ಲಿ ಇದು ಬರೀ ವಯಸ್ಸಾದವರ ಕಾಯಿಲೆಯೂ ಅಲ್ಲ. ಚಿಕ್ಕಂದಿನಲ್ಲಿ ಗಂಟಲು ನೋವಿನ ಹಿಂದೆ ಬರುವ ರುಮ್ಯಾಟಿಕ್ ಜ್ವರದಿಂದ ಕವಾಟ ಕಿರಿದಾದವರಿಗೆ ಮೂವತ್ತು ನಲವತ್ತರಲ್ಲೇ ಎಎಫ್ ಬರುತ್ತದೆ.

ನನ್ನ ಅಮ್ಮನ ವಿಷಯ ಹೇಳುತ್ತೇನೆ. ಮೂರು ತಿಂಗಳ ಹಿಂದಷ್ಟೇ ಮಾಡಿಸಿದ್ದ ಇಸಿಜಿ ನಾರ್ಮಲ್ ಇತ್ತು. ದೀಪಾವಳಿಗೆ ಊರಿಗೆ ಹೋದಾಗ ‘ಯಾಕೋ ಸುಸ್ತು ಕಣೋ’ ಅಂದಳು, ಅಷ್ಟೇ. ಬಳೆ ಮೇಲೆ ಸರಿಸಿ ಕೈ ಹಿಡಿದೆ. ಮಳೆ ನಿಂತ ಮೇಲೆ ಹೆಂಚಿನಿಂದ ಹನಿ ಬೀಳುತ್ತದಲ್ಲ, ಎರಡು ಬೇಗಬೇಗ, ಆಮೇಲೆ ತಡೆದು ಒಂದು, ಮತ್ತೆ ಮೂರು ಒಟ್ಟಿಗೆ, ಯಾವ ಲೆಕ್ಕಕ್ಕೂ ಸಿಗದ ಹಾಗೆ, ಹಾಗಿತ್ತು ನಾಡಿ. ಮಾರನೇ ದಿನ ತಾಲ್ಲೂಕು ಆಸ್ಪತ್ರೆಯ ಇಸಿಜಿಯಲ್ಲಿ ಎಎಫ್ ಅಂತ ಖಚಿತವಾಯಿತು.

ನೀವೂ ಹಾಗೇ ನೋಡಿ. ಅಪ್ಪನ ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ನಿಮ್ಮ ಮೂರು ಬೆರಳು ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಹೆಬ್ಬೆರಳಿನಿಂದ ನೋಡಬೇಡಿ, ನಿಮ್ಮದೇ ನಾಡಿ ಸಿಕ್ಕಿಬಿಡುತ್ತದೆ. ತಾಳ ತಪ್ಪಿದೆ ಅನ್ನಿಸಿದ ಹೊತ್ತಿಗೇ ಇಸಿಜಿ ಮಾಡಿಸಿ, ಆಮೇಲೆ ಎಕೋ. ಆಸ್ಪಿರಿನ್ ಕೊಟ್ಟರೆ ಸಾಕು ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಎಎಫ್‌ಗೆ ಅದು ಸಾಲದು. ಇನ್ನೊಂದು, ಎಎಫ್ ಇದ್ದಾಗ ಬಿಪಿ ನಂಬರ್ ಪ್ರತಿ ಸಲವೂ ಬೇರೆ ಬರುತ್ತದೆ. ಮೂರು ಸಲ ನೋಡಿ ಸರಾಸರಿ ಬರೆದಿಡಿ.

ಪ್ರಶ್ನೆ: ನಾನಿರುವುದು ನ್ಯೂಜೆರ್ಸಿಯಲ್ಲಿ, ಅಪ್ಪ ಅಮ್ಮ ಮೈಸೂರಿನಲ್ಲಿ. ಅವರಿಗೆ ಇಸಿಜಿ ಇರುವ ಸ್ಮಾರ್ಟ್ ವಾಚ್ ಕೊಡಿಸಿದರೆ ನಾನು ನಿಶ್ಚಿಂತೆಯಿಂದ ಇರಬಹುದಾ? (ನ್ಯೂಜೆರ್ಸಿ)

ಉತ್ತರ: ದೂರದಲ್ಲಿರುವವರ ಸಂಕಟ ಅರ್ಥವಾಗುತ್ತದೆ. ಕೊಡಿಸಿ, ಆದರೆ ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅಂತ ಮೊದಲು ತಿಳಿದುಕೊಳ್ಳಿ.

ವಾಚಿನಲ್ಲಿ ಎರಡು ಬೇರೆ ಬೇರೆ ಕೆಲಸ ಇವೆ. ಅಡಿಯಲ್ಲಿ ಮಿನುಗುವ ಹಸಿರು ಬೆಳಕು ಚರ್ಮದೊಳಗಿನ ರಕ್ತದ ಏರಿಳಿತ ನೋಡಿ ನಾಡಿ ಎಣಿಸುತ್ತದೆ. ಅದು ಇಸಿಜಿ ಅಲ್ಲ. ಇಸಿಜಿ ಬೇಕು ಅಂದರೆ ಇನ್ನೊಂದು ಕೈಯ ಬೆರಳನ್ನು ವಾಚಿನ ಗುಂಡಿಯ ಮೇಲೆ 30 ಸೆಕೆಂಡ್ ಇಡಬೇಕು. ಯಾಕೆ ಇನ್ನೊಂದು ಕೈ? ಎಡಗೈ ಬಲಗೈ ನಡುವೆ ಹೃದಯ ಇದೆ, ಎರಡೂ ಕಡೆ ಮುಟ್ಟಿದರೇ ಅದರ ಕರೆಂಟು ಅಳೆಯಲು ಬರುವುದು. ಇದು ಹೊಸ ವಿದ್ಯೆ ಏನಲ್ಲ. ಹಾಲೆಂಡಿನ ಲೈಡನ್‌ನಲ್ಲಿ ವಿಲೆಮ್ ಐಂಥೋವನ್ ಅನ್ನುವ ಪ್ರೊಫೆಸರು ನೂರಿಪ್ಪತ್ತು ವರ್ಷದ ಹಿಂದೆ ಮೊದಲ ಒಳ್ಳೆಯ ಇಸಿಜಿ ಯಂತ್ರ ಮಾಡಿದಾಗ ಅದು ಸುಮಾರು 270 ಕೆಜಿ ಇತ್ತು, ನಡೆಸಲು ಐದು ಜನ ಬೇಕಿತ್ತು. ರೋಗಿ ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಯಲ್ಲಿ ಅದ್ದಿಕೊಂಡು ಕೂರಬೇಕಿತ್ತು. 1906ರಲ್ಲಿ ಅವರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯ ರೋಗಿಗಳ ಇಸಿಜಿಯನ್ನು ಟೆಲಿಫೋನ್ ತಂತಿಯ ಮೇಲೆ ತನ್ನ ಲ್ಯಾಬಿಗೆ ತರಿಸಿಕೊಂಡ ಬಗ್ಗೆ ಬರೆದರು. ಯಂತ್ರ ರೋಗಿಯ ಹತ್ತಿರ ಹೋಗುವಂತಿರಲಿಲ್ಲ, ನೋಡಿ. 1924ರಲ್ಲಿ ನೊಬೆಲ್ ಬಂತು. ಎಡಗೈ ಬಲಗೈ ನಡುವೆ ಅಳೆಯುವುದಕ್ಕೆ ಅವರು ಕೊಟ್ಟ ‘ಲೀಡ್ ಒನ್’ ಅನ್ನುವ ಹೆಸರೇ ಇವತ್ತಿಗೂ ಇದೆ. ನಿಮ್ಮ ವಾಚು ತೆಗೆಯುವುದು ಅದನ್ನೇ.

ಅದು ಒಂದೇ ಲೀಡ್ ಅನ್ನುವುದೇ ಇಲ್ಲಿ ಮುಖ್ಯ. ಆಸ್ಪತ್ರೆಯ ಇಸಿಜಿ ಹೃದಯವನ್ನು 12 ಕಡೆಯಿಂದ ನೋಡುತ್ತದೆ, ವಾಚು ಒಂದು ಕಿಟಕಿಯಿಂದ. ಎಎಫ್ ಹಿಡಿಯಲು ಆ ಒಂದು ಕಿಟಕಿ ಬಹುಮಟ್ಟಿಗೆ ಸಾಕು. ಹಾರ್ಟ್ ಅಟ್ಯಾಕ್ ಹಿಡಿಯಲು ಸಾಲದು. ಎದೆ ನೋವು ಬಂದಾಗ ವಾಚ್ ‘ಸರಿ ಇದೆ’ ಅಂತ ತೋರಿಸಿತು ಅಂತ ಅಪ್ಪ ಮನೆಯಲ್ಲೇ ಮಲಗಿಬಿಟ್ಟರೆ ಅನಾಹುತ. ಇದನ್ನು ಅವರಿಗೆ ಫೋನಿನಲ್ಲಿ ಎರಡು ಸಲ ಹೇಳಿ.

ಇನ್ನು ನಾಡಿ ತಾಳ ತಪ್ಪಿದೆ ಅಂತ ವಾಚಿನಲ್ಲಿ ತಾನಾಗಿ ಬರುವ ಅಲರ್ಟ್. ಆಪಲ್ ವಾಚ್ ಇಟ್ಟುಕೊಂಡು ಅಮೆರಿಕದಲ್ಲಿ 4 ಲಕ್ಷಕ್ಕೂ ಜಾಸ್ತಿ ಜನರ ಮೇಲೆ ನಡೆದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅಲರ್ಟ್ ಬಂದದ್ದು ಇನ್ನೂರರಲ್ಲಿ ಒಬ್ಬರಿಗೆ. ಅವರಲ್ಲಿ ಆಮೇಲೆ ಎದೆಗೆ ಪ್ಯಾಚ್ ಹಾಕಿಕೊಂಡು, ಅದನ್ನು ವಾಪಸ್ ಕಳಿಸಿಕೊಟ್ಟವರನ್ನು ನೋಡಿದರೆ 34% ಜನರಲ್ಲಿ ಎಎಫ್ ಸಿಕ್ಕಿತು. ಉಳಿದವರದ್ದೆಲ್ಲ ಸುಳ್ಳು ಅಲರ್ಟ್ ಅಂತ ಅಲ್ಲ, ಎಎಫ್ ಬಂದು ಹೋಗುವ ಕಾಯಿಲೆ. ಪ್ಯಾಚ್ ಹಾಕುವ ಹೊತ್ತಿಗೆ ನಿಂತಿದ್ದಿರಬಹುದು. ಅಲರ್ಟ್ ಬಂದರೆ ಡಾಕ್ಟರಿಗೆ ತೋರಿಸಿ, ಬರದಿದ್ದರೆ ಏನೂ ಇಲ್ಲ ಅಂದುಕೊಳ್ಳಬೇಡಿ. ವಾಚ್ ತೆಗೆದ ಇಸಿಜಿಯನ್ನು ಪಿಡಿಎಫ್ ಮಾಡಿ ಕಳಿಸುವುದು ಹೇಗೆ ಅಂತ ಅಮ್ಮನಿಗೆ ವಿಡಿಯೊ ಕಾಲ್‌ನಲ್ಲಿ ಒಂದು ಸಲ ಮಾಡಿ ತೋರಿಸಿ. ಆಮೇಲೆ ಅವರ ಕೈಯಲ್ಲೇ ಮಾಡಿಸಿ.

ಪ್ರಶ್ನೆ: ನಾಳಿದ್ದು ಹೋಲ್ಟರ್ ಹಾಕುತ್ತಾರಂತೆ. ಸ್ನಾನ ಮಾಡಬಹುದಾ? ತೋಟದ ಕೆಲಸಕ್ಕೆ ರಜೆ ಹಾಕಬೇಕಾ? (ಶಿರಸಿ)

ಉತ್ತರ: ಹಾಕಿಸಿಕೊಳ್ಳುವ ಬೆಳಿಗ್ಗೆಯೇ ಸ್ನಾನ ಮುಗಿಸಿ. ಎದೆಗೆ ಎಣ್ಣೆ, ಪೌಡರ್ ಹಚ್ಚಬೇಡಿ, ಪಟ್ಟಿ ಅಂಟುವುದಿಲ್ಲ. ಎದೆಯಲ್ಲಿ ಕೂದಲಿದ್ದರೆ ಅಲ್ಲಲ್ಲಿ ಬೋಳಿಸುತ್ತಾರೆ. ಸಡಿಲವಾದ, ಮುಂದೆ ಗುಂಡಿ ಇರುವ ಅಂಗಿ ಹಾಕಿ. ಮಷೀನು ಬಿಚ್ಚುವವರೆಗೆ ಮತ್ತೆ ಸ್ನಾನ ಬೇಡ.

ರಜೆ ಮಾತ್ರ ಖಂಡಿತ ಹಾಕಬೇಡಿ. ಹೋಲ್ಟರ್ ಇರುವುದೇ ದಿನನಿತ್ಯದ ಕೆಲಸದ ನಡುವೆ ಹೃದಯ ಹೇಗಿರುತ್ತದೆ ಅಂತ ನೋಡಲು. ಅಮೆರಿಕದ ಮೊಂಟಾನಾದಲ್ಲಿ ನಾರ್ಮನ್ ಹೋಲ್ಟರ್ ಅನ್ನುವವರು 1940ರ ದಶಕದ ಕೊನೆಯಲ್ಲಿ ಸುಮಾರು 38 ಕೆಜಿಯ ಯಂತ್ರವನ್ನು ಬೆನ್ನಿಗೆ ಹೊತ್ತುಕೊಂಡು ಓಡಾಡಿ ಇದನ್ನು ಶುರುಮಾಡಿದ್ದು ಅದಕ್ಕೇ. ನಿಮ್ಮದು ಜೇಬಿನಲ್ಲಿ ಹಿಡಿಯುತ್ತದೆ. ತೋಟಕ್ಕೆ ಹೋಗಿ, ಗುಡ್ಡ ಹತ್ತಿ, ಯಾವಾಗ ತೊಂದರೆ ಬರುತ್ತದೋ ಅದೇ ಕೆಲಸ ಮಾಡಿ. ಜೊತೆಗೆ ಒಂದು ಚೀಟಿಯಲ್ಲಿ ‘ಬೆಳಿಗ್ಗೆ 10.40, ಅಡಿಕೆ ಮೂಟೆ ಎತ್ತಿದೆ, ತಲೆ ಸುತ್ತಿತು’ ಅಂತ ಟೈಮ್ ಸಮೇತ ಬರೆಯಿರಿ. ಹೋಲ್ಟರಿನಲ್ಲಿ ಒಂದು ಲಕ್ಷದಷ್ಟು ಬಡಿತ ದಾಖಲಾಗಿರುತ್ತದೆ. ನಿಮಗೆ ತಲೆಸುತ್ತಿದ ಆ ನಿಮಿಷದಲ್ಲಿ ಬಡಿತ ಹೇಗಿತ್ತು ಅಂತ ನೋಡಲು ನಮಗೆ ಆ ಚೀಟಿಯೇ ಬೇಕು. ತಲೆ ಸುತ್ತಿದಾಗ ಬಡಿತ ಸರಿಯಾಗೇ ಇತ್ತು ಅಂತ ಗೊತ್ತಾದರೂ ಅದು ದೊಡ್ಡ ಉತ್ತರವೇ. ಕಾರಣ ಬೇರೆ ಕಡೆ ಹುಡುಕಬಹುದು.

ಪ್ರಶ್ನೆ: ನಮ್ಮದು ಮಲೆನಾಡಿನ ಮೂಲೆ. ಎದೆ ಹೊಡ್ಕೊಂಡ ತಕ್ಷಣ ಇಸಿಜಿ ಅಂದರೆ ಎಲ್ಲಿಗೆ ಹೋಗುವುದು? (ಕೊಪ್ಪ)

ಉತ್ತರ: ತಾಲ್ಲೂಕು ಆಸ್ಪತ್ರೆಗೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಅಲ್ಲಿ ತೆಗೆದ ಇಸಿಜಿ ದೊಡ್ಡ ಕೇಂದ್ರದ ತಜ್ಞರಿಗೆ ಹೋಗುತ್ತದೆ. ಅದು ಮುಖ್ಯವಾಗಿ ಹಾರ್ಟ್ ಅಟ್ಯಾಕಿಗೆ ಮಾಡಿದ ಯೋಜನೆ, ಆದರೆ ಇಸಿಜಿ ಮಷೀನು ಮಷೀನೇ, ತಾಳ ತಪ್ಪಿದ್ದೂ ಅದರಲ್ಲೇ ಕಾಣುತ್ತದೆ. ನಿಮ್ಮ ಕಡೆ ಇನ್ನೊಂದು ಅನುಕೂಲ ಇದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಮಲೆನಾಡು, ಕರಾವಳಿಯ ಎಷ್ಟೋ ಸಣ್ಣ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿದ್ದಾರೆ. ಊರಿನ ಡಾಕ್ಟರು ತೆಗೆದ ಇಸಿಜಿಯ ಫೋಟೊ ವಾಟ್ಸಾಪ್ ಗುಂಪಿಗೆ ಹಾಕಿದರೆ ತಜ್ಞರು ನೋಡಿ ಹೇಳುತ್ತಾರೆ. ಇಂಥ ಕೆಲಸ ನೋಡಿದರೆ ಮನಸ್ಸು ತುಂಬಿಬರುತ್ತದೆ. ಆರಾಮಾಗಿ ಇರುವಾಗಲೇ ಒಮ್ಮೆ ಹೋಗಿ, ನಿಮಗೆ ಹತ್ತಿರದ ಯಾವ ಕೇಂದ್ರದಲ್ಲಿ ಮಷೀನಿದೆ, ರಾತ್ರಿ ತೆಗೆಯುವವರು ಇರುತ್ತಾರಾ ಅಂತ ವಿಚಾರಿಸಿಟ್ಟುಕೊಳ್ಳಿ.

ಪ್ರಶ್ನೆ: ಅತ್ತೆಗೆ ಲಕ್ವ ಹೊಡೆದು ಈಗ ಚೇತರಿಸಿಕೊಂಡಿದ್ದಾರೆ. ಎಲ್ಲ ಟೆಸ್ಟ್ ಮಾಡಿದರೂ ಕಾರಣ ಸಿಕ್ಕಿಲ್ಲ. ಈಗ ಎದೆ ಚರ್ಮದ ಕೆಳಗೆ ಒಂದು ಯಂತ್ರ ಇಡೋಣ ಅನ್ನುತ್ತಿದ್ದಾರೆ. ದುಡ್ಡು ಮಾಡುವ ದಾರಿಯಾ ಇದು? (ಹುಬ್ಬಳ್ಳಿ)

ಉತ್ತರ: ಅನುಮಾನ ಸಹಜ, ಆದರೆ ಈ ಸಲಹೆಗೆ ಅರ್ಥ ಇದೆ. ಅದರ ಹೆಸರು ಲೂಪ್ ರೆಕಾರ್ಡರ್. ಕಿರುಬೆರಳಿಗಿಂತ ತೆಳ್ಳಗಿನ ಕಡ್ಡಿ, ಸುಮಾರು ನಾಲ್ಕೂವರೆ ಸೆಂಟಿಮೀಟರ್ ಉದ್ದ. ಆ ಜಾಗ ಮರಗಟ್ಟಿಸಿ ಸಣ್ಣ ಗಾಯ ಮಾಡಿ ಒಳಗೆ ಸರಿಸುತ್ತಾರೆ. ಹೃದಯದೊಳಕ್ಕೆ ಏನೂ ಹೋಗುವುದಿಲ್ಲ. ಮೂರು ವರ್ಷದ ಹತ್ತಿರ ಬಡಿತವನ್ನು ಕಾಯುತ್ತಾ ಕೂರುತ್ತದೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕಾರಣ ಸಿಗದ ಲಕ್ವದ 441 ಜನರಲ್ಲಿ ಅರ್ಧದಷ್ಟು ಜನರಿಗೆ ಇದನ್ನು ಇಟ್ಟು, ಉಳಿದವರನ್ನು ಮಾಮೂಲಿ ಹಾಗೆ ನೋಡಿಕೊಂಡರು. ಒಂದು ವರ್ಷದಲ್ಲಿ ಯಂತ್ರ ಇದ್ದವರಲ್ಲಿ 12.4% ಜನರಿಗೆ ಎಎಫ್ ಸಿಕ್ಕಿತು, ಇಲ್ಲದವರಲ್ಲಿ 2%. ಸಿಕ್ಕಿದರೆ ಮಾತ್ರೆ ಬದಲಾಗುತ್ತದೆ. ಲಾಭ ಇರುವುದು ಅಲ್ಲಿ.

ಲಕ್ವ ಆಗದವರಿಗೂ ಮುಂಜಾಗ್ರತೆಗೆ ಇಟ್ಟರೆ ಹೇಗೆ ಅಂತ ಡೆನ್ಮಾರ್ಕಿನಲ್ಲಿ 6,004 ಹಿರಿಯರ ಮೇಲೆ ನೋಡಿದ್ದಾರೆ, 2021ರಲ್ಲಿ ಬಂತು. ಎಎಫ್ ಜಾಸ್ತಿ ಸಿಕ್ಕಿತೇ ಹೊರತು ಲಕ್ವ ಕಡಿಮೆಯಾಯಿತು ಅಂತ ಸಾಬೀತಾಗಲಿಲ್ಲ. ಹಾಗಾಗಿ ಅತ್ತೆಗೆ ಸರಿ, ‘ಮಾವನಿಗೂ ಒಂದು ಇರಲಿ’ ಅಂತ ಬೇಡ. ಮೊದಲು ಎರಡು ವಾರದ ಪ್ಯಾಚ್ ಹಾಕಿ ನೋಡಬಹುದಾ ಅಂತಲೂ ಕೇಳಿ. ಅದರಲ್ಲೇ ಸಿಕ್ಕಿದರೆ ಖರ್ಚು ಉಳಿಯಿತು.

ಪ್ರಶ್ನೆ: ತಮ್ಮನಿಗೆ 19. ಕೆರೆಯಲ್ಲಿ ಈಜುವಾಗ ಒಮ್ಮೆ, ಫುಟ್‌ಬಾಲ್ ಆಡುವಾಗ ಒಮ್ಮೆ ಪ್ರಜ್ಞೆ ತಪ್ಪಿ ಬಿದ್ದ. ಎರಡೇ ನಿಮಿಷದಲ್ಲಿ ಸರಿಹೋದ. ಫಿಟ್ಸ್ ಇರಬೇಕು ಅಂತ ತಲೆ ಸ್ಕ್ಯಾನ್ ಮಾಡಿಸಿದೆವು, ನಾರ್ಮಲ್. ನಮ್ಮ ದೊಡ್ಡಪ್ಪ ಮೂವತ್ತರಲ್ಲಿ ಬಾವಿಯಲ್ಲಿ ಮುಳುಗಿ ತೀರಿಕೊಂಡಿದ್ದರು. ಈಜು ಚೆನ್ನಾಗಿಯೇ ಬರುತ್ತಿತ್ತಂತೆ. (ಮಡಿಕೇರಿ)

ಉತ್ತರ: ಬಂದ ಪತ್ರಗಳಲ್ಲೆಲ್ಲ ನನ್ನನ್ನು ಹೆಚ್ಚು ಕಾಡಿದ್ದು ನಿಮ್ಮದು. ದೊಡ್ಡಪ್ಪನ ವಿಷಯ ಬರೆದು ಬಹಳ ಒಳ್ಳೆಯದು ಮಾಡಿದಿರಿ.

ಬಿಸಿಲಲ್ಲಿ ನಿಂತು, ರಕ್ತ ನೋಡಿ, ಹಸಿದು ತಲೆಸುತ್ತಿ ಬೀಳುವುದು ಬೇರೆ. ಅಂಥವರಿಗೆ ಟಿಲ್ಟ್ ಟೇಬಲ್ ಟೆಸ್ಟ್ ಅಂತ ಇದೆ, ಹಾಸಿಗೆಗೆ ಪಟ್ಟಿ ಕಟ್ಟಿ 60–70 ಡಿಗ್ರಿ ಎಬ್ಬಿಸಿ ನೋಡುತ್ತಾರೆ, ಹೆಚ್ಚಿನ ಸಲ ಭಯಪಡುವಂಥದ್ದೇನೂ ಇರುವುದಿಲ್ಲ. ಆದರೆ ಈಜುವಾಗ, ಓಡುವಾಗ ಬಿದ್ದರೆ ಅದು ಹೃದಯದಿಂದ ಅಂತಲೇ ಮೊದಲು ಯೋಚಿಸಬೇಕು. ಲಾಂಗ್ ಕ್ಯೂಟಿ ಅಂತ ವಂಶದಲ್ಲಿ ಹರಿಯುವ ಒಂದು ತೊಂದರೆ ಇದೆ. ಪ್ರತಿ ಬಡಿತದ ನಂತರ ಹೃದಯ ಮತ್ತೆ ಚಾರ್ಜ್ ಆಗಲು ಬೇಕಾಗುವ ಹೊತ್ತು ಜಾಸ್ತಿ ಆಗುತ್ತದೆ. ಇಸಿಜಿಯಲ್ಲಿ ಅದನ್ನು ತೋರಿಸುವ ಅಳತೆಯೇ ಕ್ಯೂಟಿ. ಅದರ ಒಂದು ಬಗೆಯಲ್ಲಿ ಈಜುವುದೇ ಕಿಡಿ ಹೊತ್ತಿಸುತ್ತದೆ, ಇನ್ನೊಂದರಲ್ಲಿ ಅಲಾರಾಂ, ಫೋನ್ ಇದ್ದಕ್ಕಿದ್ದಂತೆ ಹೊಡೆದುಕೊಂಡರೂ ಸಾಕು. ಕೈಕಾಲು ಅದುರುವುದರಿಂದ ಎಷ್ಟೋ ಸಲ ಫಿಟ್ಸ್ ಅಂದುಕೊಳ್ಳುತ್ತಾರೆ. ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆಯಲ್ಲೂ ಆಡುವಾಗ ಹೀಗೆ ಬೀಳಬಹುದು, ಅದಕ್ಕೆ ಎಕೋ ಬೇಕು.

ಇಲ್ಲಿ ಸಾಮಾನ್ಯ ಇಸಿಜಿಯೇ ದೊಡ್ಡ ಸಹಾಯ ಮಾಡಬಹುದು. ಅಂಕಣದ ಶುರುವಿನಲ್ಲಿ ಹತ್ತು ಸೆಕೆಂಡ್ ಸಾಲದು ಅಂದೆ, ಆದರೆ ಲಾಂಗ್ ಕ್ಯೂಟಿ ಇದ್ದರೆ ಅದರ ಗುರುತು ಆರಾಮಾಗಿ ಇರುವಾಗಲೂ ಆ ಹತ್ತು ಸೆಕೆಂಡ್‌ನಲ್ಲೇ ಇರುತ್ತದೆ, ಎಲ್ಲರಲ್ಲೂ ಅಲ್ಲದಿದ್ದರೂ ಬಹಳ ಜನರಲ್ಲಿ. ಮಷೀನು ಮೇಲ್ಗಡೆ ಪ್ರಿಂಟ್ ಮಾಡುವ ‘ಕ್ಯೂಟಿಸಿ’ (ಬಡಿತದ ವೇಗಕ್ಕೆ ಸರಿಹೊಂದಿಸಿದ ಕ್ಯೂಟಿ) ನಂಬರನ್ನೇ ನಂಬದೆ, ಡಾಕ್ಟರು ಸ್ಕೇಲು ಹಿಡಿದು ಅಳೆಯಬೇಕು. ನಿಂತಾಗ, ಟ್ರೆಡ್‌ಮಿಲ್ ಮೇಲೆ ಓಡಿಸಿದಾಗ ಏನಾಗುತ್ತದೆ ಅಂತಲೂ ನೋಡುತ್ತಾರೆ. ಇದಕ್ಕೆ ಹೃದಯದ ತಾಳ ನೋಡುವ ತಜ್ಞರೇ ಬೇಕು. ಅಂಥವರನ್ನು ಎಲೆಕ್ಟ್ರೋಫಿಸಿಯಾಲಜಿಸ್ಟ್ ಅನ್ನುತ್ತಾರೆ. ಮೈಸೂರಿನ ಜಯದೇವ ನಿಮಗೆ ಹತ್ತಿರ. ಅಲ್ಲಿ ತೋರಿಸಿ, ಬೇಕಾದರೆ ಬೆಂಗಳೂರಿಗೆ ಕಳಿಸುತ್ತಾರೆ.

ಅಲ್ಲಿಯವರೆಗೆ ತಮ್ಮ ನೀರಿಗೆ ಇಳಿಯಬಾರದು, ಆಟ ಬೇಡ, ಒಬ್ಬನೇ ಬೈಕ್ ಓಡಿಸುವುದೂ ಬೇಡ. ಅಂಗಡಿಯಿಂದ ತಾನೇ ಆಂಟಿಬಯೋಟಿಕ್ ತಂದು ನುಂಗಬಾರದು, ಕೆಲವು ಮಾತ್ರೆಗಳು ಕ್ಯೂಟಿಯನ್ನು ಇನ್ನೂ ಉದ್ದ ಮಾಡುತ್ತವೆ. ಮತ್ತೆ ಬಿದ್ದು, ಉಸಿರಾಡದೆ ಇದ್ದರೆ ಎದೆ ಒತ್ತಲು ಶುರುಮಾಡಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಹೊರಡುವ ಮುಂಚೆ ಅಜ್ಜಿಯ ಹತ್ತಿರ ಕೂತು ಕೇಳಿ. ಮನೆತನದಲ್ಲಿ ನಲವತ್ತರ ಒಳಗೆ ಯಾರು ಯಾರು ಹೋದರು, ಮಲಗಿದ್ದಲ್ಲೇ ಹೋದವರಿದ್ದಾರಾ, ನೀರಿನಲ್ಲಿ ಹೋದವರು ದೊಡ್ಡಪ್ಪ ಒಬ್ಬರೇನಾ, ಚಿಕ್ಕಂದಿನಲ್ಲಿ ಫಿಟ್ಸ್ ಅಂತ ಹೇಳುತ್ತಿದ್ದ ಮಕ್ಕಳು ಯಾರು. ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ನೀವೂ, ಅಪ್ಪ ಅಮ್ಮನೂ ಅವತ್ತೇ ಒಂದೊಂದು ಇಸಿಜಿ ಮಾಡಿಸಿ. ಈ ವಾರವೇ ಹೋಗಿ.